ಬೆನ್ನ ಮೇಲಿನ ಗಂಟು

ನಮ್ಮೂರಿಗೆ ಗಾಳಿ ಬರುವುದು ಸಂಜೆ ನಾಲ್ಕೂಕಾಲಿಗೆ. ನಾಲ್ಕಕ್ಕೆ ಪುರಸಭೆಯವರು ಗಂಟೆ ಬಾರಿಸುತ್ತಾರೆ. ಅಲ್ಲಿಂದ ಕಾಲು ಗಂಟೆಯೊಳಗೆ ಕೋಳಿಗಳನ್ನು ಬುಟ್ಟಿಯಡಿ ಹಾಕಿ ಮೇಲೆ ಕಲ್ಲು ಹೇರಬೇಕು, ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿ ಚಿಲಕ ಹಾಕಬೇಕು, ಬಾಗಿಲು ಕಿಟಕಿಗಳನ್ನು ಪೂರ್ತಿ ತೆರೆದಿಡಬೇಕು. ಮುಚ್ಚಿದ ಬಾಗಿಲನ್ನು ಗಾಳಿ ಕಿತ್ತುಕೊಂಡು ಹೋಗುತ್ತದೆ. ಇಷ್ಟಾದ ಮೇಲೆ ಮನುಷ್ಯರ ಸರದಿ. ಪ್ರತಿ ಮನೆಯ ಹೊರಗೋಡೆಗೆ ಎದೆಯೆತ್ತರದಲ್ಲಿ ಕಬ್ಬಿಣದ ಕೊಂಡಿಗಳಿವೆ. ಶಾಲೆ, ಸಂತೆ, ಬಸ್ ನಿಲ್ದಾಣ, ಎಲ್ಲ ಕಡೆಯೂ ಇವೆ. ಹಗ್ಗದ ಒಂದು ತುದಿಯನ್ನು ಕೊಂಡಿಗೆ ಖಾಯಂ ಆಗಿ ಬಿಗಿದಿರುತ್ತಾರೆ. ನಾವು ಗೋಡೆಗೆ ಮುಖ ಮಾಡಿ ನಿಲ್ಲುತ್ತೇವೆ. ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಬೆನ್ನ ಮೇಲೆ ಗಂಟು ಹಾಕಬೇಕು. ಬೆನ್ನ ಮೇಲಾದ್ದರಿಂದ ತನ್ನ ಗಂಟನ್ನು ತಾನೇ ಹಾಕಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ಹಾಕಬೇಕು. ಗಾಳಿ ಇಪ್ಪತ್ತು ನಿಮಿಷ ಬೀಸಿ ನಿಲ್ಲುತ್ತದೆ. ಜನ ಬಿಚ್ಚಿಕೊಂಡು ಒಳಗೆ ಹೋಗಿ ಟೀ ಕಾಯಿಸುತ್ತಾರೆ.

ಹದಿಮೂರು ತುಂಬಿದವರಿಗೆ ಒಬ್ಬರು ಜೋಡಿ ಇರುತ್ತಾರೆ. ನೀನು ಅವರನ್ನು ಕಟ್ಟಬೇಕು, ಕಟ್ಟಿಸಿಕೊಂಡವರು ಸ್ವಲ್ಪ ತಿರುಗಿ ನಿನ್ನನ್ನು ಕಟ್ಟುತ್ತಾರೆ. ನನ್ನ ಜೋಡಿ ಅವ್ವ. ಅಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದುದರಿಂದ ಅಲ್ಲೇ ಗಿರಣಿಯ ಗೋಡೆಗೆ ಕಟ್ಟಿಸಿಕೊಳ್ಳುತ್ತಿದ್ದ. ಇನ್ನೊಂದು ಪದ್ಧತಿ ಇದೆ. ಕಟ್ಟಿಸಿಕೊಂಡ ಮೇಲೆ ಕೊಂಡಿ ಹಿಡಿದುಕೊಳ್ಳಬಾರದು. ಕೊಂಡಿ ಮೂಗಿನ ಕೆಳಗೇ ಇರುತ್ತದೆ, ಕೈ ಚಾಚುವುದೂ ಬೇಡ. ಆದರೆ ಹಿಡಿಯಬಾರದು, ಎದೆಯ ಮೇಲೆ ಕೈ ಕಟ್ಟಿ ನಿಲ್ಲಬೇಕು. ಹಿಡಿದರೆ ನಿನ್ನ ಗಂಟಿನ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಊರ ಮುಂದೆ ಹೇಳಿದಂತೆ. ನಮ್ಮ ಹಿಂದಿನ ಬೀದಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಮೊದಲ ಸಂಜೆಯೇ ಹೆದರಿ ಕೊಂಡಿ ಹಿಡಿದಳಂತೆ. ಕಟ್ಟಿದವನು ಗಂಡ. ಹದಿನೈದು ದಿನಕ್ಕೆ ಅವಳನ್ನು ತವರಿಗೆ ಕಳಿಸಿದರು.

ಗಾಳಿಯ ಪಾಲಾಗಿ ಹೋದವರು ಹಿಂದೆಯೂ ಇದ್ದಾರೆ. ಹಗ್ಗ ಸವೆದು ಹೋದವರು, ಕುಡಿದು ಕಟ್ಟಿಸಿಕೊಳ್ಳದೆ ಹೋದವರು. ಗಾಳಿ ಅವರನ್ನು ಒಣಗೆರೆಯ ಕಡೆಗೆ ಒಯ್ಯುತ್ತದೆ. ಯಾರೂ ಸಿಕ್ಕಿಲ್ಲ. ಹೋದವರ ಹಗ್ಗವನ್ನು ಒಂದು ವರ್ಷ ಕೊಂಡಿಯಿಂದ ಬಿಚ್ಚುವ ಹಾಗಿಲ್ಲ.

ಫೋನ್ ಬಂದದ್ದು ನಾನು ಏಳನೆಯ ತರಗತಿಯಲ್ಲಿದ್ದಾಗ. ಟವರನ್ನು ಹನ್ನೆರಡು ಕಡೆ ತಂತಿಯಿಂದ ಎಳೆದು ಕಟ್ಟಿದರು. ನಮಗೆ ಬೇರೆ ಊರಿನ ಹುಡುಗರಿಗಿಂತ ಒಂದು ಅನುಕೂಲ ಹೆಚ್ಚಿತ್ತು. ದಿನಾ ಸಂಜೆ ಇಪ್ಪತ್ತು ನಿಮಿಷ ಗೋಡೆಗೆ ಕಟ್ಟಿಸಿಕೊಂಡು, ಕೈ ಖಾಲಿ ಇಟ್ಟುಕೊಂಡು ನಿಂತಿರುತ್ತಿದ್ದೆವು. ಗೋಡೆಗೆ ಒರಗಿಸಿ ಹಿಡಿದರೆ ಫೋನನ್ನು ಗಾಳಿ ಮುಟ್ಟುವುದಿಲ್ಲ. ದೊಡ್ಡವರು ಕೈ ಕಟ್ಟಿ ನಿಂತರೆ ನಾವು ಹೆಬ್ಬೆರಳು ಆಡಿಸುತ್ತ ನಿಲ್ಲುತ್ತಿದ್ದೆವು. ಮೊದಮೊದಲು ಬೈದರು. ಕೊಂಡಿಯನ್ನಂತೂ ಹಿಡಿದಿಲ್ಲವಲ್ಲ ಎಂದು ಆಮೇಲೆ ಸುಮ್ಮನಾದರು. ಇಪ್ಪತ್ತು ನಿಮಿಷದಲ್ಲೇ ಮುಗಿಯುತ್ತಿತ್ತು ಎಂದಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿ, ಬಚ್ಚಲಲ್ಲಿ, ಊಟದ ತಟ್ಟೆಯ ಪಕ್ಕದಲ್ಲಿ, ತರಗತಿಯ ಡೆಸ್ಕಿನ ಕೆಳಗೆ. ದಿನಕ್ಕೆ ಏಳು ಗಂಟೆ, ಎಂಟು ಗಂಟೆ. ಲೆಕ್ಕವನ್ನು ಫೋನೇ ತೋರಿಸುತ್ತಿತ್ತು. ನಾವು ಅದನ್ನು ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದೆವು.

ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ನನ್ನ ಬಲಗೈ ಕೆಟ್ಟಿತ್ತು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ಎಳೆ ನೋವು. ನೀರಿನ ಚೊಂಬು ಎತ್ತಿದರೆ ಚುಚ್ಚುತ್ತಿತ್ತು. ಬೆಳಿಗ್ಗೆ ಎದ್ದಾಗ ಮೂರು ಬೆರಳು ಜೋಮು ಹಿಡಿದಿರುತ್ತಿದ್ದವು, ಕೈ ಜಾಡಿಸಿ ಜಾಡಿಸಿ ಎಬ್ಬಿಸಬೇಕು. ಫೋನಿನ ಭಾರ ಹೊತ್ತು ಹೊತ್ತು ಕಿರುಬೆರಳಿನಲ್ಲಿ ಒಂದು ತಗ್ಗು ಬಿದ್ದಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವುದು ನಿಧಾನವಾಯಿತು. ಅವ್ವ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಸಿದ್ದಗಂಗಮ್ಮನ ಹೊಲಿಗೆ ಎಂದರೆ ನಾಲ್ಕು ಬೀದಿಗೆ ಗೊತ್ತು. ಕಣ್ಣು ಮಂಜಾಗುತ್ತಿದೆ ಎಂದು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ನನಗೆ ಕಣ್ಣು ಸರಿಯಾಗಿತ್ತು, ಸೂಜಿ ಹಿಡಿದ ಬೆರಳು ನಿಲ್ಲುತ್ತಿರಲಿಲ್ಲ.

"ಎಷ್ಟೊತ್ತೋ ಲೋಹಿತ? ದಾರ ಪೋಣ್ಸು ಅಂದ್ರೆ ಸೂಜೀನ ಹೆದ್ರುಸ್ತಾ ಕೂತಿದೀಯಲ್ಲ" ಎಂದು ನಕ್ಕು, ಕಿತ್ತುಕೊಂಡು, ಕಣ್ಣು ಕಿರಿದು ಮಾಡಿ ತಾನೇ ಪೋಣಿಸಿಕೊಳ್ಳುತ್ತಿದ್ದಳು.

ಗಂಟು ಹಾಕುವುದರಲ್ಲಿ ಸುತ್ತುವುದು ಮುಖ್ಯವಲ್ಲ, ಅದನ್ನು ಯಾರಾದರೂ ಸುತ್ತುತ್ತಾರೆ. ಕೊನೆಗೆ ಹಗ್ಗದ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಎಳೆತ ಎಳೆಯಬೇಕು. ಗಂಟಿನೊಳಗಿನ ಸಂದು ಮುಚ್ಚುವುದು ಅದರಿಂದಲೇ. ನನಗೆ ಆ ಎಳೆತ ಬರುತ್ತಿರಲಿಲ್ಲ. ಎಳೆದಾಗ ಹೆಬ್ಬೆರಳು ಮಡಚಿಕೊಂಡು ಹಗ್ಗ ಜಾರುತ್ತಿತ್ತು.

"ಇನ್ನೊಂಚೂರು ಬಿಗಿಯೋ" ಎನ್ನುತ್ತಿದ್ದಳು ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡು.

"ಸಾಕು ಬಿಡವ್ವ. ಉಸಿರು ಕಟ್ಟುತ್ತೆ ಆಮೇಲೆ."

ಇದು ನನ್ನೊಬ್ಬನ ಕಥೆಯಾಗಿರಲಿಲ್ಲ. ಶಾಲೆಯಲ್ಲಿ ತಿಂಗಳಿಗೊಮ್ಮೆ ಗಂಟಿನ ಪರೀಕ್ಷೆ ಇರುತ್ತದೆ. ಮರಳಿನ ಚೀಲವನ್ನು ಕಂಬಕ್ಕೆ ಕಟ್ಟಬೇಕು, ಇಬ್ಬರು ಹುಡುಗರು ಚೀಲ ಹಿಡಿದು ಜಗ್ಗುತ್ತಾರೆ. ಗಂಟು ಬಿಚ್ಚಿಕೊಂಡರೆ ಫೇಲು. ಫೇಲಾದವರು ಯಾರನ್ನೂ ಕಟ್ಟುವಂತಿಲ್ಲ. ಸಂಜೆ ಪುರಸಭೆಯ ಹಿಂದಿನ ಗೋಡೆಗೆ ಹೋಗಿ ಸಾಲಾಗಿ ನಿಲ್ಲಬೇಕು. ಖಾಕಿ ಹಾಕಿದ ಇಬ್ಬರು ಬಂದು ಒಂದೇ ಸಮ ಕಟ್ಟಿಕೊಂಡು ಹೋಗುತ್ತಾರೆ. ಅದನ್ನು ನಾವು ಕೊಟ್ಟಿಗೆ ಎನ್ನುತ್ತಿದ್ದೆವು. ಹಿಂದೆಲ್ಲ ಅಲ್ಲಿ ಕೈ ನಡುಗುವ ಮುದುಕರು ಮಾತ್ರ ಇದ್ದರು.

ಆ ಪರೀಕ್ಷೆಗೆ ಉಪಾಯ ಕಂಡುಹಿಡಿದವನು ನನ್ನ ಬೆಂಚಿನ ಇಮ್ತಿಯಾಜ್. ನಾರಿನ ಹಗ್ಗದ ತುದಿಯನ್ನು ನೀರಲ್ಲಿ ನೆನೆಸಿ ಗಂಟು ಹಾಕಿದರೆ ನಾರು ಉಬ್ಬಿ ಗಂಟು ತಾನೇ ಬಿಗಿದುಕೊಳ್ಳುತ್ತದೆ. ಬೆರಳಿಗೆ ಶಕ್ತಿ ಬೇಕಿಲ್ಲ. ಪರೀಕ್ಷೆಯ ದಿನ ಹುಡುಗರೆಲ್ಲ ಶೌಚಾಲಯಕ್ಕೆ ಹೋಗಿ ಹಗ್ಗ ನೆನೆಸಿಕೊಂಡು ಬರುತ್ತಿದ್ದರು. ಹುಡುಗಿಯರೂ ಅಷ್ಟೆ. ನಾನು ಮನೆಯಲ್ಲೂ ಶುರು ಮಾಡಿದೆ. ಗಂಟೆ ಬಾರಿಸಿದ ಕೂಡಲೇ ಕೋಳಿಗೆ ನೀರಿಡುವ ನೆಪದಲ್ಲಿ ಬಕೆಟ್ ಹಿಡಿದು ಹೊರಗೆ ಹೋಗಿ ಅವ್ವನ ಹಗ್ಗದ ತುದಿಯನ್ನು ಅದರಲ್ಲಿ ಅದ್ದಿ ಇಡುತ್ತಿದ್ದೆ. ಏಳು ತಿಂಗಳು ಹಾಗೆ ನಡೆಯಿತು.

ಡಿಸೆಂಬರಿನಲ್ಲಿ ಡ್ರಿಲ್ ಟೀಚರ್ ರೆಜಿನಾ ತರಗತಿಗೆ ಬಂದು ಬಾಗಿಲು ಮುಚ್ಚಿದರು.

"ಎಲ್ಲಾರೂ ಬಲಗೈ ಎತ್ರಿ. ಹೆಬ್ಬೆರಳು ಒಳಗಿಟ್ಟು ಮುಷ್ಟಿ ಹಿಡೀರಿ. ಈಗ ಮಣಿಕಟ್ಟನ್ನ ಕಿರುಬೆರಳ ಕಡೆಗೆ ಬಗ್ಸಿ."

ನಲವತ್ತೊಂದು ಜನ ಬಗ್ಗಿಸಿದೆವು. ನನ್ನ ಕಣ್ಣಿಗೆ ಕತ್ತಲೆ ಬಂತು. ಪಕ್ಕದಲ್ಲಿ ಯಾರೋ ಹಲ್ಲು ಕಚ್ಚಿದ್ದು ಕೇಳಿಸಿತು.

"ಯಾರಿಗೆ ನೋವಾಯ್ತು? ಕೈ ಎತ್ರಿ."

ಯಾರೂ ಎತ್ತಲಿಲ್ಲ. ಟೀಚರ್ ಕಾದರು. ಅವರಿಗೆ ಗೊತ್ತಿತ್ತು, ನಮ್ಮ ಮುಖಗಳನ್ನು ನೋಡಿದ್ದರು. ಕೊನೆಗೆ ಇಮ್ತಿಯಾಜ್ ಎದ್ದು ನಿಂತ.

"ನಂಗೆ ಟೀಚರ್. ಎಷ್ಟೋ ತಿಂಗಳಿಂದ ನಮ್ಮಜ್ಜಿನ ಕಟ್ಟಕ್ಕಾಗ್ತಿಲ್ಲ. ನೀರು ಹಾಕಿ ಕಟ್ತಿದೀನಿ."

ನಾನು ನಕ್ಕೆ. ಮೊದಲು ನಕ್ಕವನು ನಾನೇ. "ಅಂಬಾ" ಎಂದೆ. ಇಡೀ ತರಗತಿ ಅಂಬಾ ಎಂದಿತು. ಅವತ್ತು ಸಂಜೆಯಿಂದಲೇ ಅವನು ಕೊಟ್ಟಿಗೆಗೆ ಹೋದ, ಅವನ ಅಜ್ಜಿಯನ್ನು ಪಕ್ಕದ ಮನೆಯವರು ಕಟ್ಟತೊಡಗಿದರು. ಶಾಲೆಗೆ ಬರುವಾಗ ಅವನು ಫೋನನ್ನು ಮನೆಯಲ್ಲಿಟ್ಟು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡು ಬರುತ್ತಿದ್ದ. ನಾನು ಬೆಂಚು ಬದಲಾಯಿಸಿದೆ.

ಅವ್ವ ಎಲ್ಲವನ್ನೂ ಗಮನಿಸುತ್ತಿದ್ದಳು, ತಪ್ಪಾಗಿ ಗಮನಿಸುತ್ತಿದ್ದಳು. ಹಗ್ಗ ಜಾರದಿರಲಿ ಎಂದು ನಾನು ಅದನ್ನು ಅಂಗೈಗೆ ಸುತ್ತಿಕೊಂಡು ಎಳೆಯುತ್ತಿದ್ದೆ. ನಾರು ಉಜ್ಜಿ ಅಂಗೈ ಸುಲಿದಿತ್ತು. ಒಂದು ದಿನ ಊಟ ಬಡಿಸುವಾಗ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ಇದೇನೋ ಇದು! ಹಸಿ ಹಸಿ ಆಗೈತೆ."

"ನಾರು ತರ್ಚುತ್ತೆ ಕಣವ್ವ."

"ನಿಮ್ಮಜ್ಜನ ಕಾಲದ ಹಗ್ಗ ಅದು. ಹೇಳ್ಬಾರ್ದಾ? ಬಾಯಿ ಇಲ್ವಾ ನಿಂಗೆ?"

ಇಲ್ಲ, ಹಗ್ಗದ ತಪ್ಪಲ್ಲ, ನನ್ನ ಬೆರಳಿನದು ಎಂದು ಹೇಳಲು ಅದು ಸರಿಯಾದ ಹೊತ್ತು. ಅನ್ನ ಕಲಸಿದೆ. ಎಡಗೈಯಲ್ಲಿ ಫೋನಿತ್ತು.

ಎರಡು ದಿನ ಬಿಟ್ಟು, ಗುರುವಾರ, ನಾನು ಶಾಲೆಯಿಂದ ಬಂದಾಗ ನಮ್ಮ ಎರಡೂ ಕೊಂಡಿಗಳಲ್ಲಿ ಹೊಸ ಹಗ್ಗ ನೇತಾಡುತ್ತಿತ್ತು. ನೀಲಿ ನೈಲಾನು. ಹಗ್ಗದ ಅಂಗಡಿಯ ಷಣ್ಮುಖಯ್ಯ ಆ ವರ್ಷವೇ ತರಿಸಿದ್ದ. ರೇಷ್ಮೆಯಷ್ಟು ನಯ.

"ಮುಟ್ಟಿ ನೋಡು, ಹತ್ತಿ ಇದ್ದಂಗೈತೆ. ಷಣ್ಮುಖಯ್ಯ ಆನೆ ಕಟ್ಟಿದ್ರೂ ಕಿತ್ತೋಗಲ್ಲ ಅಂದ" ಎಂದಳು ಅವ್ವ. ಖುಷಿಯಾಗಿದ್ದಳು. ಹಳೆಯ ಹಗ್ಗಗಳನ್ನು ಆಗಲೇ ಬಚ್ಚಲ ಒಲೆಗೆ ಹಾಕಿದ್ದಳು.

ಗಂಟೆ ಬಾರಿಸಿತು. ಅವ್ವ ಕತ್ತರಿಸಿದ ರವಿಕೆ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ನಾನು ಬಕೆಟ್ ತೆಗೆದುಕೊಂಡು ಹೊರಗೆ ಹೋಗಿ ಹಗ್ಗದ ತುದಿ ಅದ್ದಿದೆ. ಯೋಚನೆ ಮಾಡಲಿಲ್ಲ. ಕೈ ಏಳು ತಿಂಗಳಿಂದ ಅದನ್ನೇ ಮಾಡುತ್ತಿತ್ತು, ಇವತ್ತೂ ಮಾಡಿತು. ಅವ್ವ ಬಂದು ಗೋಡೆಗೆ ಮುಖ ಮಾಡಿ ನಿಂತಳು. ಎರಡು ಸುತ್ತು ಸುತ್ತಿ ಗಂಟು ಹಾಕಿ ಎಳೆದೆ. ಹಗ್ಗ ಬೆರಳಿನಿಂದ ಮೀನಿನ ಹಾಗೆ ನುಣುಚಿತು. ಮತ್ತೆ ಎಳೆದೆ. ಹೆಬ್ಬೆರಳು ಮಡಚಿಕೊಂಡಿತು.

"ಇನ್ನೊಂಚೂರು" ಎಂದಳು.

"ಹೊಸಾ ಹಗ್ಗ ಕಣವ್ವ, ತಾನೇ ಕೂರುತ್ತೆ."

ಅವಳು ಅರ್ಧ ತಿರುಗಿ ನನ್ನನ್ನು ಕಟ್ಟಿದಳು. ನನ್ನ ಹಗ್ಗ ಒಣಗಿತ್ತು, ಅವಳ ಬೆರಳುಗಳು ದರ್ಜಿಯ ಬೆರಳುಗಳು. ಆ ಗಂಟು ಬೆನ್ನುಹುರಿಗೆ ಒತ್ತಿದ್ದು ಈಗಲೂ ನೆನಪಿದೆ. ಆಮೇಲೆ ಗೋಡೆಯ ಕಡೆ ತಿರುಗಿ ಎದೆಯ ಮೇಲೆ ಕೈ ಕಟ್ಟಿ ನಿಂತಳು. ಕೊಂಡಿ ಅವಳ ಗದ್ದದಿಂದ ಒಂದು ಗೇಣು ಕೆಳಗಿತ್ತು.

ನಾನು ಫೋನ್ ತೆಗೆದೆ. ಯಾರೋ ಒಬ್ಬ ಕಲ್ಲಂಗಡಿಯ ಮೇಲೆ ರಬ್ಬರ್ ಬ್ಯಾಂಡುಗಳನ್ನು ಒಂದೊಂದೇ ಹಾಕುತ್ತಿದ್ದ, ಅದು ಯಾವಾಗ ಒಡೆಯುತ್ತದೆ ಎಂದು ನೋಡುವುದು. ಗಾಳಿ ಬಂತು. ಗಾಳಿ ಬಂದರೆ ಬೇರೇನೂ ಕೇಳಿಸುವುದಿಲ್ಲ. ಕಲ್ಲಂಗಡಿ ಒಡೆಯಿತು. ಅದರ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಎಷ್ಟು ನೋಡಿದೆನೋ ಗೊತ್ತಿಲ್ಲ. ಒಂದು ಸಲ ನೀಲಿಯದೇನೋ ನನ್ನ ತೋಳಿಗೆ ಬಡಿಯಿತು. ಪಕ್ಕಕ್ಕೆ ನೋಡಿದೆ. ಅವ್ವನ ಹಗ್ಗ ಕೊಂಡಿಯಿಂದ ಒಣಗೆರೆಯ ಕಡೆಗೆ ನೆಟ್ಟಗೆ ನಿಂತು ಪಟಪಟ ಬಡಿದುಕೊಳ್ಳುತ್ತಿತ್ತು. ತುದಿಯಲ್ಲಿ ಗಂಟಿನ ಗುರುತೂ ಇರಲಿಲ್ಲ.

ಇನ್ನೂ ಹನ್ನೊಂದು ನಿಮಿಷ ಗಾಳಿ ಇತ್ತು. ಅವ್ವ ಕಟ್ಟಿದ ಗಂಟು ನನ್ನನ್ನು ಅಲ್ಲೇ ಹಿಡಿದಿತ್ತು. ಕೂಗಿದೆ. ಕೂಗಿದ್ದು ನನಗೇ ಕೇಳಿಸಲಿಲ್ಲ.

ಊರು ಸೇರಿತು. ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು. ಕೊನೆಗೆ ಏನಂದಳಪ್ಪ ಎಂದು ಕೇಳಿದರು. "ಲೋಹಿತ ಅಂತ ಕೂಗಿದ್ಲು. ನಾನು ಕೈ ಚಾಚಿದೆ, ಸಿಗ್ಲಿಲ್ಲ" ಎಂದೆ. ಅವರು ಇನ್ನೂ ಜೋರಾಗಿ ಅತ್ತರು. ಗಿರಣಿಯಿಂದ ಓಡಿ ಬಂದ ಅಪ್ಪನ ಮೈಯೆಲ್ಲ ಹಿಟ್ಟು. ಅವನು ಅಳಲಿಲ್ಲ. ನೀಲಿ ಹಗ್ಗದ ತುದಿಯನ್ನು ಬೆರಳುಗಳ ನಡುವೆ ಹಿಡಿದು ಬಹಳ ಹೊತ್ತು ತಿಕ್ಕಿ ನೋಡಿದ.

"ಒದ್ದೆ ಐತಲ್ಲ" ಎಂದ.

"ಕೋಳಿ ನೀರು ಚೆಲ್ತು" ಎಂದೆ.

ಮಾರನೆಯ ದಿನ ಜನ ಷಣ್ಮುಖಯ್ಯನ ಅಂಗಡಿಗೆ ನುಗ್ಗಿದರು. ನೀಲಿ ಹಗ್ಗದ ಸುರುಳಿಗಳನ್ನೆಲ್ಲ ಬೀದಿಗೆ ಎಸೆದು ಸುಟ್ಟರು. ನೈಲಾನು ಕರಗಿ ಕಪ್ಪು ಅಂಟಾಗಿ ರಸ್ತೆಗೆ ಹಿಡಿಯಿತು, ಅದರ ನಾತ ವಾರವಿಡೀ ಇತ್ತು. ಷಣ್ಮುಖಯ್ಯನಿಗೆ ಅರವತ್ತು ದಾಟಿತ್ತು. ಯಾರೋ ಕೆನ್ನೆಗೆ ಹೊಡೆದಿದ್ದರು.

"ಹಗ್ಗದಲ್ಲಿ ದೋಷ ಇಲ್ಲ ಕಣ್ರಪ್ಪ. ಬೇಕಾದ್ರೆ ನನ್ನೇ ಕಟ್ಟಿ ನೋಡಿ" ಎಂದು ಅವನು ಉಳಿದ ಒಂದು ತುಂಡು ನೀಲಿ ಹಗ್ಗ ಹಿಡಿದು ಅಂಗಡಿಯ ಕೊಂಡಿಯ ಮುಂದೆ ನಿಂತ. ಯಾರೂ ಕಟ್ಟಲು ಮುಂದೆ ಬರಲಿಲ್ಲ. ಕಡೆಗೆ ಅವನ ಹೆಂಡತಿ ಕಟ್ಟಿದಳು. ಗಾಳಿ ಬಂತು. ಷಣ್ಮುಖಯ್ಯ ಎದೆಯ ಮೇಲೆ ಕೈ ಕಟ್ಟುವುದಿರಲಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ಇಪ್ಪತ್ತು ನಿಮಿಷ ನಿಂತ. ಗಂಟು ಅಲ್ಲಾಡಲಿಲ್ಲ. ಅದೃಷ್ಟ ಎಂದರು ಜನ. ಅವನ ಅಂಗಡಿಗೆ ಮತ್ತೆ ಯಾರೂ ಹೋಗಲಿಲ್ಲ, ನಾರಿನ ಹಗ್ಗಕ್ಕೂ ಹೋಗಲಿಲ್ಲ. ಯುಗಾದಿಯ ಹೊತ್ತಿಗೆ ಗಂಡ ಹೆಂಡತಿ ಊರು ಬಿಟ್ಟರು. ಅವನು ಕೈಯೆತ್ತಿ ನಿಂತ ಸಂಜೆ ಎದುರುಗಡೆಯ ಗೋಡೆಗೆ ಕಟ್ಟಿಸಿಕೊಂಡು ಕುತ್ತಿಗೆ ತಿರುಗಿಸಿ ಅವನನ್ನು ಕೊನೆಯವರೆಗೂ ನೋಡಿದವನು ಅಪ್ಪ. ಇದನ್ನು ನನಗೆ ಬೇರೆಯವರು ಹೇಳಿದರು.

ಇಮ್ತಿಯಾಜ್ ಒಂದು ಸಲ ಮನೆಗೆ ಬಂದ. ಒಳಗೆ ಬರಲಿಲ್ಲ, ಕೊಂಡಿಗಳ ಹತ್ತಿರ ನಿಂತ.

"ನೀರು ಹಾಕಿದ್ಯಾ?"

"ಇಲ್ಲ."

"ನೈಲಾನು ನೀರು ಕುಡಿಯಲ್ಲ ಕಣೋ. ಜಾರುತ್ತೆ."

"ಹಾಕಿಲ್ಲ ಅಂದ್ನಲ್ಲ."

"ನಾನು ಯಾರ್ಗೂ ಹೇಳಲ್ಲ ಲೋಹಿತ. ನೀನಾದ್ರೂ ಹೇಳು. ಕೊಟ್ಟಿಗೆಗೆ ಬಾ. ಅಲ್ಲಿ ಈಗ ನಾವು ಹತ್ತೊಂಬತ್ತು ಜನ ಇದೀವಿ, ಯಾರೂ ನಗಲ್ಲ."

"ಅಂಬಾ" ಎಂದೆ. ಅವನು ಹೋದ. ಆ ಉಪಾಯ ಕಲಿಸಿದವನು ತಾನು ಎನ್ನುವುದು ಅವನ ಮುಖದಲ್ಲಿತ್ತು. ನಿನ್ನ ತಪ್ಪಲ್ಲ ಎಂಬ ಒಂದು ಮಾತಿಗೆ ಅದು ಇಳಿಯುತ್ತಿತ್ತು.

ಫೋನ್ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ದಿನ ಬಿಟ್ಟಿದ್ದೆ. ಆ ಮೂರು ದಿನ ಕಣ್ಣು ಮುಚ್ಚಿದರೆ ನೀಲಿ ಹಗ್ಗ ನೆಟ್ಟಗೆ ನಿಲ್ಲುತ್ತಿತ್ತು. ನಾಲ್ಕನೆಯ ದಿನ ತೆಗೆದೆ. ಫೋನಿನಲ್ಲಿ ಹಗ್ಗ ಇರಲಿಲ್ಲ. ಈಗ ದಿನಕ್ಕೆ ಹತ್ತು ಗಂಟೆ ತೋರಿಸುತ್ತದೆ. ಬಲಗೈಯಲ್ಲಿ ಪೆನ್ನು ಹಿಡಿದರೆ ಒಂದು ಪುಟಕ್ಕೆ ಎರಡು ಸಲ ಬೀಳುತ್ತದೆ.

ಅಪ್ಪ ಗಿರಣಿಯ ಕೆಲಸದ ಹೊತ್ತು ಬದಲಾಯಿಸಿಕೊಂಡು ನಾಲ್ಕಕ್ಕೆ ಮನೆಗೆ ಬರತೊಡಗಿದ. ನನಗೆ ಜೋಡಿ ಬೇಕಲ್ಲ. ಗೋಡೆಗೆ ಮೂರನೆಯ ಕೊಂಡಿಯೊಂದನ್ನು ಬಡಿದ. ನಡುವಿನದರಲ್ಲಿ ಅವ್ವನ ಹಗ್ಗ ಹಾಗೇ ಇತ್ತು. ನಮ್ಮಿಬ್ಬರಿಗೂ ನಾರಿನ ಹಗ್ಗ ತಂದ. ಮೊದಲ ಸಂಜೆ ಅವನು ನನಗೆ ಬೆನ್ನು ಕೊಟ್ಟು ನಿಂತಾಗ, ನನ್ನ ಕೈಲಿ ಆಗಲ್ಲಪ್ಪ ಎಂದುಬಿಡಬೇಕು ಅನ್ನಿಸಿತು. ಅದನ್ನು ಹೇಳಿದರೆ ಅದರ ಹಿಂದಿನದನ್ನೂ ಹೇಳಬೇಕು. ಷಣ್ಮುಖಯ್ಯನದನ್ನೂ ಹೇಳಬೇಕು. ಕಟ್ಟಿದೆ. ನೀರು ಹಾಕಲು ಈಗ ಬಕೆಟ್ಟಿನ ನೆಪವಿರಲಿಲ್ಲ. ಕೋಳಿಗಳನ್ನು ಅಪ್ಪ ಮಾರಿಬಿಟ್ಟಿದ್ದ.

"ಆಯ್ತಾ?" ಎಂದ.

"ಆಯ್ತಪ್ಪ."

ಅವನು ತಿರುಗಿ ನನ್ನನ್ನು ಕಟ್ಟಿದ. ನಾನು ಫೋನ್ ತೆಗೆದೆ. ಗಾಳಿ ಬಂತು, ಹೋಯಿತು. ಅಪ್ಪ ಇದ್ದ. ಮಾರನೆಯ ದಿನವೂ ಇದ್ದ. ತಿಂಗಳು ಕಳೆಯಿತು. ಹಾಗಾದರೆ ನನ್ನ ಗಂಟು ನಿಲ್ಲುತ್ತದೆ, ಅವ್ವನದು ಹಗ್ಗದ ತಪ್ಪೇ ಇರಬೇಕು ಎಂದು ನಂಬುವುದಕ್ಕೆ ಶುರು ಮಾಡಿದೆ. ನಂಬುವುದು ಸುಲಭವಿತ್ತು. ಅಪ್ಪ ಊಟಕ್ಕೆ ಚಮಚ ಹಿಡಿಯತೊಡಗಿದ್ದ, ಹಿಂದೆಂದೂ ಹಿಡಿದವನಲ್ಲ. ಗಿರಣಿಯಲ್ಲಿ ಕೈ ಸುಟ್ಟಿತು ಎಂದು ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ನಾನು ಹೆಚ್ಚು ಕೇಳಲಿಲ್ಲ.

ಹೋದ ಸೋಮವಾರ ಮಧ್ಯಾಹ್ನವಿಡೀ ಕರೆಂಟಿರಲಿಲ್ಲ. ಕಟ್ಟಿಸಿಕೊಂಡು ನಿಂತು ಫೋನ್ ತೆಗೆದರೆ ಅದು ಸತ್ತಿತ್ತು. ಗಾಳಿ ಬಂತು. ನೋಡಲು ಗೋಡೆ ಬಿಟ್ಟು ಏನೂ ಇರಲಿಲ್ಲ. ಕುತ್ತಿಗೆ ತಿರುಗಿಸಿದೆ.

ಅಪ್ಪನ ಬೆನ್ನ ಮೇಲೆ ಗಂಟು ಇರಲಿಲ್ಲ. ಸೊಂಟದಿಂದ ಬಿಚ್ಚಿಕೊಂಡ ಹಗ್ಗ ಅವನ ಹಿಂದೆ ನೆಟ್ಟಗೆ ನಿಂತಿತ್ತು. ಅವನು ಎರಡೂ ಕೈಗಳಿಂದ ಕೊಂಡಿಯನ್ನು ಹಿಡಿದಿದ್ದ. ಕಾಲುಗಳು ನೆಲ ಬಿಟ್ಟಿದ್ದವು. ಮುಖ ಕಲ್ಲಿಗೆ ಒತ್ತಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಅಂಗೈಯ ಬಟ್ಟೆ ಹರಿದು ರಕ್ತ ಮಣಿಕಟ್ಟಿಗಿಳಿದು, ಅಲ್ಲಿಂದ ಗಾಳಿಗೆ ಹನಿಹನಿಯಾಗಿ ಹಾರುತ್ತಿತ್ತು. ಅವನು ಕಣ್ಣು ತೆರೆದ. ನಾನು ನೋಡುತ್ತಿರುವುದನ್ನು ನೋಡಿದ. ನಾನು ಕೈ ಚಾಚಿದೆ. ನಡುವೆ ಅವ್ವನ ಕೊಂಡಿ ಇತ್ತು, ಅವನು ಎಟುಕಲಿಲ್ಲ.

ಗಾಳಿ ನಿಂತಾಗ ಅವನು ಕಾಲ ಮೇಲೆ ಇಳಿದ. ಬೆರಳುಗಳನ್ನು ಕೊಂಡಿಯಿಂದ ಒಂದೊಂದಾಗಿ ಬಿಡಿಸಿಕೊಂಡ. ನನ್ನನ್ನು ಬಿಚ್ಚಿದ. ಬಚ್ಚಲಿಗೆ ಹೋಗಿ ನೀರು ಸುರಿದುಕೊಂಡ ಸದ್ದು ಕೇಳಿಸಿತು. ಟೀ ಕಾಯಿಸಿ ನನ್ನ ಮುಂದೆ ಒಂದು ಲೋಟ ಇಟ್ಟ. ಎಡಗೈಯಲ್ಲಿ ಎತ್ತಿಕೊಂಡೆ.

"ಅಪ್ಪ" ಎಂದೆ.

"ಕುಡಿ. ಆರೋಗುತ್ತೆ."

"ಕೊಟ್ಟಿಗೆಗೆ ಹೋಗ್ತೀನಿ ನಾನು. ನೀನು ಗಿರಣೀಲೇ ಕಟ್ಟಿಸ್ಕೊ."

ಅವನು ತನ್ನ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಎತ್ತಿದ. ಕುಡಿದು ಕೆಳಗಿಟ್ಟ.

"ನಿಮ್ಮವ್ವನ ವರ್ಷ ಮುಗೀಲಿ" ಎಂದ. "ಅಲ್ಲೀಗಂಟ ನೀನು ಕೊಟ್ಟಿಗೆಗೆ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ, ಅವಳನ್ನ ಕಟ್ಟಿದ ಕೈ ಎಂಥದ್ದು ಅಂತ."

ಇನ್ನೂ ಏಳು ತಿಂಗಳಿತ್ತು.

ಮಾರನೆಯ ದಿನ ಗಂಟೆ ಬಾರಿಸಿತು. ಅಪ್ಪ ಅಂಗೈಗಳಿಗೆ ಹೊಸ ಬಟ್ಟೆ ಸುತ್ತಿಕೊಂಡು ಬಂದು ನನಗೆ ಬೆನ್ನು ಕೊಟ್ಟು ನಿಂತ. ಎದುರು ಮನೆಯವರು ನೋಡುತ್ತಿದ್ದರು. "ಕಟ್ಟು" ಎಂದ. ಎರಡು ಸುತ್ತು ಸುತ್ತಿ ಗಂಟು ಹಾಕಿ, ಎಳೆದಂತೆ ಮಾಡಿದೆ. ಅವನು ಅರ್ಧ ತಿರುಗಿ, ಅವ್ವನ ಕೊಂಡಿಯನ್ನು ದಾಟಿ ಕೈ ಚಾಚಿ, ಆ ಕೈಗಳಿಂದಲೇ ನನ್ನ ಹಗ್ಗವನ್ನು ಎಳೆದ. ಪಕ್ಕೆಲುಬು ನೋಯಿತು. ಆಮೇಲೆ ಗೋಡೆಯ ಕಡೆ ತಿರುಗಿ ಎಲ್ಲರಿಗೂ ಕಾಣುವ ಹಾಗೆ ಎದೆಯ ಮೇಲೆ ಕೈ ಕಟ್ಟಿದ. ಎದುರು ಮನೆಯವರು ತಮ್ಮ ಗೋಡೆಗೆ ಮುಖ ಮಾಡುವವರೆಗೆ ಹಾಗೇ ನಿಂತಿದ್ದ.